ಡಿಫೆಕ್ಟ್ ಇರೋ ಮಾಫ್ ತಗೋಬೇಕಾ, ಇಲ್ಲದ್ದು ತಗೋಬೇಕಾ? ಗಟ್ಟಿತನ ನೋಡಿ ಆರಿಸೋದು ಹೇಗೆ

ಮಾಫ್ (ಲೋಹ ಮತ್ತು ಸಾವಯವ ಅಣು ಸೇರಿಸಿ ಕಟ್ಟಿದ, ರಂಧ್ರ ತುಂಬಿದ ಹರಳು) ಕೆಲಸಕ್ಕೆ ಹೊಸದಾಗಿ ಕೈ ಹಾಕಿದೋರು ಮೊದಲು ನೋಡೋದೇ ಬಿಇಟಿ ಏರಿಯಾ, ಅಂದ್ರೆ ಗ್ಯಾಸ್ ಹೀರಿಸಿ ಅಳೆದ ಒಳಗಿನ ಮೇಲ್ಮೈ. ಒಂದು ಗ್ರಾಮಿಗೆ 1,600 ಚದರ ಮೀಟರ್ ಬಂತು ಅಂದ್ರೆ ಖುಷಿ, 1,100 ಬಂದ್ರೆ ಮುಖ ಸಪ್ಪಗಾಗುತ್ತೆ. ಆದ್ರೆ ಯುಐಒ-66 ಅನ್ನೋ ಜಿರ್ಕೋನಿಯಂ ಮಾಫಿನ ವಿಷಯದಲ್ಲಿ ಲೆಕ್ಕ ಉಲ್ಟಾ, ಯಾಕಂದ್ರೆ ಆ 1,100–1,200 ಅನ್ನೋದೇ ಹೆಚ್ಚುಕಡಿಮೆ ತಪ್ಪಿಲ್ಲದ ಹರಳಿನ ಏರಿಯಾ, 1,600 ಬಂದಿದೆ ಅಂದ್ರೆ ಒಳಗೆ ಎಲ್ಲೋ ಲಿಂಕರ್ (ಜೋಡಿಸೋ ಸಾವಯವ ಅಣು) ಬಿಟ್ಟುಹೋಗಿದೆ, ಇಲ್ಲಾ ಇಡೀ ಕ್ಲಸ್ಟರೇ (ಲೋಹದ ಗುಂಪೇ) ಕಾಣೆ ಅಂತ. ಅಂದ್ರೆ ನೀವು ಯಾವುದನ್ನ ಒಳ್ಳೇ ಸ್ಯಾಂಪಲ್ ಅಂತ ಎತ್ತಿಟ್ಕೋತಿದೀರೋ ಅದು ಡಿಫೆಕ್ಟ್ ಜಾಸ್ತಿ ಇರೋ ಸ್ಯಾಂಪಲ್. ಗ್ಯಾಸ್ ಹೀರೋಕೆ, ಕ್ಯಾಟಲಿಸ್ಟ್ ಕೆಲಸಕ್ಕೆ ಅದೇ ಬೇಕಿರಬಹುದು, ಬೇಡ ಅನ್ನಲ್ಲ. ಪ್ರೆಸ್ಸಲ್ಲಿಟ್ಟು ಪೆಲೆಟ್ ಮಾಡೋಕೆ ಹೋದಾಗ ಮಾತ್ರ ಬೇರೆ ಕತೆ ಶುರುವಾಗುತ್ತೆ.

ಎಷ್ಟು ಪರ್ಸೆಂಟ್ ಡಿಫೆಕ್ಟ್ ಇದೆ ಅನ್ನೋ ಒಂದೇ ನಂಬರ್ ಹಿಡ್ಕೊಂಡು ಗಟ್ಟಿತನ ಅಳೆಯೋಕೆ ಆಗಲ್ಲ ಅನ್ನೋದು ನನ್ನ ವಾದ. ಮೂರು ವಿಷಯ ನೋಡ್ಬೇಕು, ಆ ಫ್ರೇಮಿನಲ್ಲಿ ಮೊದಲಿಗೇ ಎಷ್ಟು ಕನೆಕ್ಷನ್ ಇತ್ತು, ಡಿಫೆಕ್ಟ್ ಎಲ್ಲಿ ಕೂತಿದೆ, ಖಾಲಿ ಆದ ಜಾಗಕ್ಕೆ ಯಾರು ಬಂದು ಕೂತಿದಾರೆ. ಈ ಮೂರನ್ನ ಇಟ್ಕೊಂಡೇ ಕೆಳಗೆ ಒಂದೊಂದು ಆಯ್ಕೆ ಹೋಲಿಸಿದೀನಿ.

ಬೇಸಿಕ್ ಗೊತ್ತಿಲ್ಲದೋರಿಗೆ ಎರಡು ಮಾತು. ಮಾಫ್ ಅಂದ್ರೆ ಲೋಹದ ಕ್ಲಸ್ಟರುಗಳನ್ನ ಸಾವಯವ ಲಿಂಕರುಗಳಿಂದ ಜೋಡಿಸಿ ಕಟ್ಟಿದ ರಂಧ್ರ ತುಂಬಿದ ಹರಳು, ಇದಕ್ಕೇ 2025ರ ಕೆಮಿಸ್ಟ್ರಿ ನೊಬೆಲ್ ಸುಸುಮು ಕಿತಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಮೂವರಿಗೂ ಬಂತಲ್ಲ, ಅದೇ. ಮುಂದೆ ಹೆಸರು ಬರೋ ಮಾಫ್‌ಗಳಲ್ಲಿ ಮಾಫ್-5 ಮತ್ತು ಎಚ್‌ಕೆಯುಎಸ್‌ಟಿ-1 ಎರಡೂ 1999ರವು, ಜಿಫ್-8 2006ರದ್ದು, ಯುಐಒ-66 ಓಸ್ಲೋ ಯೂನಿವರ್ಸಿಟಿಯಿಂದ 2008ರಲ್ಲಿ ಬಂತು.

ಮೊದಲು ಕನೆಕ್ಷನ್ ಎಣಿಸಿ

1864ರಲ್ಲೇ ಮ್ಯಾಕ್ಸ್‌ವೆಲ್ ಹೇಳಿಟ್ಟ ಒಂದು ಸರಳ ಲೆಕ್ಕ ಇದೆ. ಒಂದು ಗಂಟು ಮೂರು ದಿಕ್ಕಲ್ಲಿ ಅಲ್ಲಾಡಬಹುದು, ಪ್ರತಿ ಕಂಬಿಯನ್ನ ಎರಡು ಗಂಟುಗಳು ಹಂಚಿಕೊಳ್ತವೆ, ಹಾಗಾಗಿ ಒಂದು ಫ್ರೇಮ್ ತಾನಾಗೇ ಸೆಟೆದು ನಿಲ್ಲಬೇಕು ಅಂದ್ರೆ ಗಂಟಿಗೆ ಸರಾಸರಿ 6 ಕಂಬಿ ಬೇಕು. ಮಾಫಿನ ಕ್ಲಸ್ಟರ್ ಬರೀ ಬಿಂದು ಅಲ್ಲ, ಬಾಂಡುಗಳು ಬಾಗೋಕೂ ಒಂದಿಷ್ಟು ತಡೆ ಒಡ್ಡುತ್ತವೆ, ಹಾಗಾಗಿ ಈ ಲೆಕ್ಕ ಅಕ್ಷರಶಃ ಕೂರಲ್ಲ, ಆದ್ರೂ ಯಾರು ಮುಂದೆ ಯಾರು ಹಿಂದೆ ಅಂತ ಅಂದಾಜು ಮಾಡೋಕೆ ಇದಕ್ಕಿಂತ ಬೇಗ ಕೈಗೆ ಸಿಗೋ ಸಾಧನ ನನಗಂತೂ ಕಂಡಿಲ್ಲ.

ಯುಐಒ-66ನಲ್ಲಿ ಒಂದೊಂದು ಜಿರ್ಕೋನಿಯಂ ಕ್ಲಸ್ಟರಿಗೆ 12 ಲಿಂಕರ್ ಅಂಟಿರುತ್ತೆ. ಎನ್‌ಯು-1000 ಅನ್ನೋ ಮಾಫ್‌ನಲ್ಲಿ 8, ಮಾಫ್-808ರಲ್ಲಿ 6, ಮಾಫ್-5ರಲ್ಲೂ 6, ಜಿಫ್-8ರಲ್ಲಿ ಬರೀ 4. ಈಗ ಯುಐಒ-66ನಿಂದ ಒಂದು ಲಿಂಕರ್ ಎತ್ತಿ ನೋಡಿ, 11 ಉಳೀತು, ಮ್ಯಾಕ್ಸ್‌ವೆಲ್ ಗಡಿಗಿಂತ ಇನ್ನೂ ಬಹಳ ಮೇಲಿದೀವಿ. ಮಾಫ್-5ರಲ್ಲಿ ಅದೇ ಒಂದನ್ನ ಎತ್ತಿದ್ರೆ 5, ಗಡಿಯಿಂದ ಕೆಳಗೆ ಬಿದ್ದಾಯ್ತು. ಡಿಫೆಕ್ಟ್ ಒಂದೇ, ಪೆಟ್ಟು ಮಾತ್ರ ಬೇರೆ ಬೇರೆ. 'ಯುಐಒ-66 ಡಿಫೆಕ್ಟ್ ತಡ್ಕೊಳ್ಳುತ್ತೆ' ಅಂತ ಎಲ್ಲರೂ ಹೇಳೋದಕ್ಕೆ ಜಿರ್ಕೋನಿಯಂ–ಆಕ್ಸಿಜನ್ ಬಾಂಡು ಬಲವಾಗಿದೆ ಅನ್ನೋದು ಅರ್ಧ ಕಾರಣ, ಖರ್ಚು ಮಾಡೋಕೆ ಕೈಯಲ್ಲಿ ಕನೆಕ್ಷನ್ ಜಾಸ್ತಿ ಇದೆ ಅನ್ನೋದು ಇನ್ನರ್ಧ.

ಕಂಪ್ಯೂಟರ್ ಲೆಕ್ಕದ ನಂಬರುಗಳೂ ಇದನ್ನೇ ಹೇಳ್ತವೆ. ಡಿಫೆಕ್ಟೇ ಇಲ್ಲ ಅಂತ ಇಟ್ಕೊಂಡ ಯುಐಒ-66ಗೆ ಬಲ್ಕ್ ಮಾಡ್ಯುಲಸ್ (ಎಲ್ಲಾ ಕಡೆಯಿಂದ ಒತ್ತಿದಾಗ ಎಷ್ಟು ಬಿಗಿ ಅನ್ನೋ ಅಳತೆ) ಸುಮಾರು 41 ಗಿಗಾಪಾಸ್ಕಲ್, ಕನಿಷ್ಠ ಶಿಯರ್ ಮಾಡ್ಯುಲಸ್ (ಪಕ್ಕಕ್ಕೆ ತಳ್ಳಿದಾಗ ಎಷ್ಟು ಬಿಗಿ ಅನ್ನೋದು) 13.7 ಗಿಗಾಪಾಸ್ಕಲ್. ಮಾಫ್-5ಗೆ ಶಿಯರ್ ಒಂದು ಗಿಗಾಪಾಸ್ಕಲ್ ಚಿಲ್ಲರೆ, ಜಿಫ್-8ಗೆ ಒಂದಕ್ಕಿಂತಲೂ ಸ್ವಲ್ಪ ಕಮ್ಮಿ. ಇಲ್ಲಿ ನೋಡಬೇಕಾದ್ದು ಬಲ್ಕ್ ಅಲ್ಲ, ಶಿಯರ್. ಬೋಲ್ಟ್ ಸಡಿಲ ಆದ ಕಬ್ಬಿಣದ ರ್‍ಯಾಕ್ ನೋಡಿದೀರಲ್ಲ, ಮೇಲಿಂದ ಭಾರ ಹಾಕಿದ್ರೆ ತಡ್ಕೊಳ್ಳುತ್ತೆ, ಪಕ್ಕಕ್ಕೆ ಒಂದು ತಳ್ಳು ತಳ್ಳಿದ್ರೆ ಚೌಕ ಹೋಗಿ ವಜ್ರಾಕಾರ ಆಗಿ ಮಲಗುತ್ತೆ. ಮಾಫ್‌ ಕುಸಿಯೋದೂ ಹೆಚ್ಚಾಗಿ ಹೀಗೇ, ನೇರ ಒತ್ತಡಕ್ಕಿಂತ ಪಕ್ಕದ ಜಾರಿಕೆಗೆ ಸೋಲುತ್ತೆ. ಯಾರಾದ್ರೂ ಬರೀ ಬಲ್ಕ್ ಮಾಡ್ಯುಲಸ್ ತೋರಿಸಿ 'ನಮ್ಮದು ಗಟ್ಟಿ' ಅಂದ್ರೆ ಶಿಯರ್ ಎಷ್ಟು ಅಂತ ಕೇಳಿ.

ಲ್ಯಾಬ್‌ನಲ್ಲಿ ಅಳೆದಾಗ ಯುಐಒ-66ರ ಬಲ್ಕ್ ಮಾಡ್ಯುಲಸ್ 20ಕ್ಕಿಂತ ಕೆಳಗಿಂದ ಹಿಡಿದು 40ರ ಹತ್ತಿರದವರೆಗೂ ಬಂದಿದೆ. ಇಷ್ಟು ಅಂತರಕ್ಕೆ ಸ್ಯಾಂಪಲ್ಲಿನ ಡಿಫೆಕ್ಟ್ ಒಂದು ಕಾರಣ ಇರಬಹುದು, ಅಳೆದ ರೀತಿ ಇನ್ನೊಂದು. ಡೈಮಂಡ್ ಆನ್ವಿಲ್ ಸೆಲ್ಲಲ್ಲಿ (ಎರಡು ವಜ್ರದ ನಡುವೆ ಹಿಡಿದು ಒತ್ತೋ ಸಾಧನ) ಒತ್ತೋವಾಗ ಸುತ್ತ ಒಂದು ದ್ರವ ತುಂಬ್ತಾರೆ, ಅದು ಮೆಥನಾಲ್ ಥರ ಚಿಕ್ಕ ಅಣು ಆಗಿದ್ರೆ ರಂಧ್ರದ ಒಳಕ್ಕೇ ನುಗ್ಗಿ ಒಳಗಿಂದ ಆಸರೆ ಕೊಡುತ್ತೆ, ಆಗ ಟೊಳ್ಳು ಹರಳೂ ಗಟ್ಟಿ ಇದ್ದಂಗೆ ಕಾಣುತ್ತೆ. ಸಿಲಿಕೋನ್ ಆಯಿಲ್ ಥರ ದೊಡ್ಡ ಅಣುವಿನದ್ದಾದ್ರೆ ಹೊರಗಿಂದ ಮಾತ್ರ ಒತ್ತುತ್ತೆ. ಎರಡು ಪೇಪರಿನ ನಂಬರ್ ಪಕ್ಕಪಕ್ಕ ಇಟ್ಟು ಹೋಲಿಸೋ ಮುಂಚೆ ದ್ರವ ಯಾವುದು ಅಂತ ನೋಡಲೇಬೇಕು, ಇಲ್ಲಾಂದ್ರೆ ಹೋಲಿಕೆಗೆ ಅರ್ಥವೇ ಇಲ್ಲ.

ಲಿಂಕರ್ ಕಾಣೆಯಾದ್ದು, ಕ್ಲಸ್ಟರೇ ಕಾಣೆಯಾದ್ದು

ಯುಐಒ-66 ಆಯ್ಕೆ ಮಾಡಿದ್ರಿ ಅಂತಿಟ್ಕೊಳ್ಳಿ. ಅದರಲ್ಲೇ ಮತ್ತೆ ಮೂರು ದಾರಿ.

ಒಂದು, ಹೆಚ್ಚುಕಡಿಮೆ ಡಿಫೆಕ್ಟ್ ಇಲ್ಲದ್ದು. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲಿಂಕರನ್ನ ಜಿರ್ಕೋನಿಯಂನ ಎರಡು ಪಟ್ಟು ಹಾಕಿ ಬೇಯಿಸಿದ್ರೆ ಇದು ಸಿಗುತ್ತೆ. ಸಾಮಾನ್ಯವಾಗಿ ಎಲ್ಲರೂ ಮಾಡೋದು 100–120 ಡಿಗ್ರಿ ಆಸುಪಾಸಲ್ಲಿ, ಅಷ್ಟಕ್ಕೆ ಪರ್ಫೆಕ್ಟ್ ಹರಳು ಸಿಗುತ್ತೆ ಅನ್ನೋ ಆಸೆ ಬೇಡ. ಎರಡು, ಅಲ್ಲಲ್ಲಿ ಲಿಂಕರ್ ಬಿಟ್ಟುಹೋದದ್ದು. ಅಸಿಟಿಕ್ ಆಸಿಡ್, ಫಾರ್ಮಿಕ್ ಆಸಿಡ್, ಟ್ರೈಫ್ಲೋರೋಅಸಿಟಿಕ್ ಆಸಿಡ್ ಇಂಥ ಮಾಡ್ಯುಲೇಟರ್ ಹಾಕಿದಾಗ ಅವು ಲಿಂಕರ್ ಜೊತೆ ಪೈಪೋಟಿಗೆ ಬಿದ್ದು ಕೆಲವು ಸೀಟು ಹಿಡೀತವೆ. ಮೂರು, ಕ್ಲಸ್ಟರುಗಳೇ ಗುಂಪುಗುಂಪಾಗಿ ಕಾಣೆಯಾದದ್ದು. ಈ ಕಾಣೆಯಾದ ಕ್ಲಸ್ಟರುಗಳು ಮನಸ್ಸಿಗೆ ಬಂದಲ್ಲಿ ಇರಲ್ಲ, ಒಂದು ಕಡೆ ಸೇರಿ ಕೆಲವು ನ್ಯಾನೋಮೀಟರಿನ ದ್ವೀಪಗಳ ಥರ ಕೂತಿರ್ತವೆ, ಆ ದ್ವೀಪದಲ್ಲಿ ಉಳಿದ ಕ್ಲಸ್ಟರಿಗೆ 12ರ ಬದಲು 8 ಕನೆಕ್ಷನ್ ಮಾತ್ರ. ಇದು 2014ರಲ್ಲಿ ಯುಐಒ-66ರ ಹಾಫ್ನಿಯಂ ಆವೃತ್ತಿಯಲ್ಲಿ ಪಕ್ಕಾ ಆಯ್ತು.

ಮೆಕ್ಯಾನಿಕಲ್ ದೃಷ್ಟಿಯಿಂದ ಎರಡನೇದಕ್ಕೂ ಮೂರನೇದಕ್ಕೂ ಇರೋ ವ್ಯತ್ಯಾಸವನ್ನ ಜನ ಹಗುರವಾಗಿ ತಗೋತಾರೆ ಅನ್ಸುತ್ತೆ ನನಗೆ. ಲಿಂಕರ್ ಅಲ್ಲೊಂದು ಇಲ್ಲೊಂದು ಹೋದ್ರೆ ಇಡೀ ಹರಳು ಸ್ವಲ್ಪ ಸ್ವಲ್ಪ ಮೆತ್ತಗಾಗುತ್ತೆ, ಮಾಡ್ಯುಲಸ್ ನಿಧಾನಕ್ಕೆ ಇಳಿಯುತ್ತೆ, ಕುಸಿಯೋ ಒತ್ತಡವೂ ಇಳಿಯುತ್ತೆ, ಆದ್ರೆ ಏನಾಗುತ್ತೆ ಅಂತ ಮುಂಚೇನೇ ಊಹಿಸಬಹುದು. ದ್ವೀಪಗಳಿದ್ರೆ ಸರಾಸರಿ ಮಾಡ್ಯುಲಸ್ ನೋಡೋಕೆ ಪರವಾಗಿಲ್ಲ ಅನ್ನಿಸಿದ್ರೂ ಒಳಗೆ ಬಲವಾದ ಭಾಗ ದುರ್ಬಲ ಭಾಗ ಅಂತ ಎರಡಾಗಿ ಒಡೆದಿರುತ್ತೆ, ಕುಸಿತ ಶುರು ಆಗೋದು ಆ ಮೆತ್ತಗಿನ ಜಾಗದಿಂದ. ಸರಾಸರಿ ನಂಬರ್ ಅದನ್ನ ತೋರಿಸಲ್ಲ.

ತಮಾಷೆ ಏನಂದ್ರೆ ಟಿಜಿಎ (ಬಿಸಿ ಮಾಡ್ತಾ ತೂಕ ಎಷ್ಟು ಇಳಿಯುತ್ತೆ ಅಂತ ನೋಡೋ ಅಳತೆ) ಕೂಡ ತೋರಿಸಲ್ಲ. ಯುಐಒ-66 ಸುಟ್ಟಾಗ ಕೊನೇಲಿ ಉಳಿಯೋದು ಜಿರ್ಕೋನಿಯಂ ಆಕ್ಸೈಡ್, ಅದನ್ನ 100 ಅಂತ ಇಟ್ಟರೆ ಲಿಂಕರ್ ಸುಡೋಕೆ ಮುಂಚಿನ ಮಟ್ಟ ಪರ್ಫೆಕ್ಟ್ ಹರಳಿಗೆ ಸುಮಾರು 220 ಬರ್ಬೇಕು. ಫಾರ್ಮುಲಾದಲ್ಲಿ ಕ್ಲಸ್ಟರಿಗೆ 6 ಲಿಂಕರ್ (12 ಕನೆಕ್ಷನ್, ಪ್ರತಿ ಲಿಂಕರ್ ಇಬ್ಬರಿಗೆ ಹಂಚಿಕೆ), ಹಾಗಾಗಿ ಒಂದು ಲಿಂಕರ್ ಪಾಲು ಸುಮಾರು 20. ನಿಮ್ಮ ಗ್ರಾಫ್ 200ರಲ್ಲಿ ನಿಂತಿದ್ರೆ ಆರರಲ್ಲಿ ಒಂದು ಇಲ್ಲ, ಅಂದ್ರೆ ಸರಾಸರಿ 10 ಕನೆಕ್ಷನ್. 180ರಲ್ಲಿ ನಿಂತ್ರೆ ಎರಡಿಲ್ಲ, 8 ಕನೆಕ್ಷನ್. ಇಷ್ಟು ಚೆನ್ನಾಗಿ ಲೆಕ್ಕ ಸಿಗುತ್ತೆ, ಆದ್ರೆ ಆ 8 ಅನ್ನೋದು ಎಲ್ಲಾ ಕಡೆ ಲಿಂಕರ್ ಉದುರಿ ಬಂದಿದ್ದಾ ಇಲ್ಲ ಕ್ಲಸ್ಟರ್ ಎದ್ದುಹೋಗಿ ಬಂದಿದ್ದಾ ಅಂತ ತೂಕಕ್ಕೆ ಗೊತ್ತಾಗಲ್ಲ, ಯಾಕಂದ್ರೆ ಕ್ಲಸ್ಟರ್ ಹೋದಾಗ ಅದರ ಲಿಂಕರುಗಳೂ ಜೊತೆಗೇ ಹೋಗಿರ್ತವೆ. ಅದಕ್ಕೆ ಎಕ್ಸ್‌ಆರ್‌ಡಿ (ಹರಳಿಂದ ಎಕ್ಸ್‌ರೇ ಯಾವ ಕೋನಕ್ಕೆ ಚದುರುತ್ತೆ ಅಂತ ನೋಡೋ ಅಳತೆ) ನೋಡ್ಬೇಕು. ತಾಮ್ರದ ಸೋರ್ಸಿನಲ್ಲಿ ಯುಐಒ-66ರ ಮೊದಲ ಎರಡು ಪೀಕ್ 7.4 ಮತ್ತು 8.5 ಡಿಗ್ರಿ ಹತ್ತಿರ ಬರ್ತವೆ, ಅವಕ್ಕಿಂತ ಕೆಳಗೆ, 7ಕ್ಕಿಂತ ಕಮ್ಮಿ ಕೋನದಲ್ಲಿ ಒಂದು ಅಗಲವಾದ ಉಬ್ಬು ಕಂಡ್ರೆ ಕ್ಲಸ್ಟರ್ ಕಾಣೆಯಾದ ದ್ವೀಪಗಳಿವೆ ಅಂತ. ತುಂಬಾ ಜನ 5 ಡಿಗ್ರಿಯಿಂದ ಸ್ಕ್ಯಾನ್ ಶುರು ಮಾಡ್ತಾರೆ, ಉಬ್ಬು ಅರ್ಧ ಕಟ್ ಆಗಿ ಬ್ಯಾಕ್‌ಗ್ರೌಂಡ್ ಅಂತ ಕಣ್ಣು ತಪ್ಪಿಸಿಕೊಳ್ಳುತ್ತೆ. 2 ಡಿಗ್ರಿಯಿಂದ, ನಿಧಾನಕ್ಕೆ ಸ್ಕ್ಯಾನ್ ಮಾಡ್ಸಿ.

ಖಾಲಿ ಸೀಟಲ್ಲಿ ಯಾರು ಕೂತಿದಾರೆ

ನನ್ನ ಪ್ರಕಾರ ಇದೇ ಅತಿ ಮುಖ್ಯ. ಇದನ್ನ ಕೇಳೋರೇ ಕಮ್ಮಿ.

ಲಿಂಕರ್ ಹೋದ ಜಾಗ ಬರಿದಾಗಿ ಇರಲ್ಲ, ಚಾರ್ಜ್ ಸರಿದೂಗಿಸೋಕೆ ಅಲ್ಲಿ ಫಾರ್ಮೇಟೋ ಅಸಿಟೇಟೋ ಇಲ್ಲಾ ಹೈಡ್ರಾಕ್ಸೈಡ್ ಜೊತೆ ನೀರೋ ಬಂದು ಕೂತಿರುತ್ತೆ. 2015ರಲ್ಲಿ ಬಾಲ್ ಮಿಲ್ಲಲ್ಲಿ ಜಿರ್ಕೋನಿಯಂ ಮಾಫ್‌ಗಳನ್ನ ಅರೆದು ನೋಡಿದ ಒಂದು ಕೆಲಸದಲ್ಲಿ, ಟ್ರೈಫ್ಲೋರೋಅಸಿಟಿಕ್ ಆಸಿಡ್ ಹಾಕಿ ಮಾಡಿದ ಯುಐಒ-66 ಅರೆತವನ್ನ ಇನ್ನೂ ಚೆನ್ನಾಗಿ ತಡ್ಕೊಂಡಿತು ಅಂತ ಬಂತು. ಡಿಫೆಕ್ಟ್ ಹಾಕಿದ್ರೆ ದುರ್ಬಲ ಆಗ್ಬೇಕಿತ್ತಲ್ಲ, ಇಲ್ಲಿ ಉಲ್ಟಾ. ಎಲೆಕ್ಟ್ರಾನ್ ಎಳೆಯೋ ಗುಂಪು ಕ್ಲಸ್ಟರ್ ಮೇಲೆ ಕೂತ್ರೆ ಉಳಿದ ಲಿಂಕರುಗಳ ಹಿಡಿತ ಬಿಗಿಯಾಗುತ್ತೆ ಅನ್ನೋದು ಇದಕ್ಕೆ ಕೊಡೋ ವಿವರಣೆ. ಅಂದ್ರೆ ಎರಡು ಸ್ಯಾಂಪಲ್ಲಲ್ಲೂ ಅಷ್ಟೇ ಲಿಂಕರ್ ಕಮ್ಮಿ ಇದ್ರೂ ಒಂದು ಇನ್ನೊಂದಕ್ಕಿಂತ ಗಟ್ಟಿ ಇರಬಹುದು, ಕೂತಿರೋ ಆಸಿಡ್ ಬೇರೆ ಆದ್ದರಿಂದ.

ಇದರ ಇನ್ನೊಂದು ಮುಖ ಕ್ಯಾಟಲಿಸ್ಟ್ ಮಾಡೋರಿಗೆ ಸಂಬಂಧಿಸಿದ್ದು. ಅವರಿಗೆ ಬೇಕಿರೋದು ಬರಿದಾದ ಜಿರ್ಕೋನಿಯಂ ಸೈಟು, ಹಾಗಾಗಿ ಮಾಡ್ಯುಲೇಟರನ್ನ ತೊಳೆದು, ಬಿಸಿ ಮಾಡಿ ಓಡಿಸ್ತಾರೆ. ಸೈಟು ತೆರೀತು, ಆ್ಯಕ್ಟಿವಿಟಿ ಬಂತು, ಆದ್ರೆ ಆ ಆಸರೆಯೂ ಹೋಯ್ತು. ಪೆಲೆಟ್ ಒತ್ತೋದಿದ್ರೆ ಮಾಡ್ಯುಲೇಟರ್ ಇರುವಾಗಲೇ ಒತ್ತಿ, ಆಮೇಲೆ ಓಡಿಸೋದು ಸರಿ ಅನ್ನೋದು ನನ್ನ ಅಭಿಪ್ರಾಯ, ರಂಧ್ರ ತುಂಬಿದ್ದಷ್ಟೂ ಕುಸಿಯೋದು ಕಷ್ಟ. ಸಾಲ್ವೆಂಟ್ ಒಳಗಿದ್ದಾಗ ಒತ್ತಿದ್ರೂ ಸ್ವಲ್ಪ ಮಟ್ಟಿಗೆ ಇದೇ ಲಾಭ.

ಸ್ಯಾಂಪಲ್ಲನ್ನ ಕ್ಷಾರದಲ್ಲಿ ಕರಗಿಸಿ ಎನ್‌ಎಂಆರ್ ತೆಗೆದ್ರೆ ಲಿಂಕರ್ ಎಷ್ಟು, ಮಾಡ್ಯುಲೇಟರ್ ಎಷ್ಟು ಅಂತ ಪಕ್ಕಪಕ್ಕ ಪೀಕ್ ಬರುತ್ತೆ. ಟ್ರೈಫ್ಲೋರೋಅಸಿಟೇಟಿಗೆ ಮಾತ್ರ ಪ್ರೋಟಾನ್ ಇಲ್ಲ, ಫ್ಲೋರಿನ್ ಎನ್‌ಎಂಆರ್ ಬೇಕು, ಪ್ರೋಟಾನ್ ನೋಡಿ 'ಏನೂ ಇಲ್ಲ' ಅಂತ ಬರೆದುಬಿಡ್ಬೇಡಿ.

ಉಳಿದ ಮೆಟೀರಿಯಲ್ಲುಗಳು, ಬೇಗ ಬೇಗ

ಜಿಫ್-8: ಇದರಲ್ಲಿ ಡಿಫೆಕ್ಟ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಫ್ರೇಮೇ ಮೆತ್ತಗೆ. ಯಂಗ್ಸ್ ಮಾಡ್ಯುಲಸ್ (ಒಂದು ದಿಕ್ಕಲ್ಲಿ ಎಳೆದಾಗ, ಒತ್ತಿದಾಗ ಇರೋ ಬಿಗಿತ) 3 ಗಿಗಾಪಾಸ್ಕಲ್ ಸುಮಾರು, 0.34 ಗಿಗಾಪಾಸ್ಕಲ್ ಒತ್ತಡಕ್ಕೆ ಹರಳುತನ ಕಳ್ಕೊಂಡು ಅಮಾರ್ಫಸ್ ಆಗುತ್ತೆ. ಇದು ದೊಡ್ಡ ಒತ್ತಡ ಅನ್ನಿಸಿದ್ರೆ ಒಂದು ಲೆಕ್ಕ ಹಾಕಿ. ಐಆರ್ ಪೆಲೆಟ್ ಮಾಡೋ 13 ಮಿಲಿಮೀಟರ್ ಡೈನಲ್ಲಿ 5 ಟನ್ ಹಾಕಿದ್ರೆ ಸುಮಾರು 370 ಮೆಗಾಪಾಸ್ಕಲ್, ಅಂದ್ರೆ 0.37 ಗಿಗಾಪಾಸ್ಕಲ್. ಗಡಿ ದಾಟಿಯಾಯ್ತು. ಅದೂ ಅಲ್ದೆ ಡೈ ಒಳಗಿನ ಒತ್ತಡ ಎಲ್ಲಾ ಕಡೆಯಿಂದ ಸಮ ಇರಲ್ಲ, ಪಕ್ಕದ ಜಾರಿಕೆ ಇದ್ದೇ ಇರುತ್ತೆ. 1 ಟನ್ನಿಗೆ ಸುಮಾರು 74 ಮೆಗಾಪಾಸ್ಕಲ್, ಅಲ್ಲಿಂದ ಶುರು ಮಾಡಿ, ಪ್ರತಿ ಹಂತದಲ್ಲೂ ಎಕ್ಸ್‌ಆರ್‌ಡಿ, ಬಿಇಟಿ ಎರಡೂ ನೋಡ್ಕೊಂಡು ಮೇಲಕ್ಕೆ ಹೋಗಿ.

ಮಾಫ್-5: ಒತ್ತೋ ಕೆಲಸಕ್ಕೆ ಬೇಡವೇ ಬೇಡ. ಕೆಲವೇ ಮೆಗಾಪಾಸ್ಕಲಿಗೆ ಪುಡಿ ಅಮಾರ್ಫಸ್ ಆಗೋಕೆ ಶುರು ಆಗುತ್ತೆ, ಗಾಳಿಯ ತೇವ ತಗುಲಿದ್ರೆ ಬಾಂಡೂ ಬಿಟ್ಟುಕೊಳ್ಳುತ್ತೆ.

ಎಚ್‌ಕೆಯುಎಸ್‌ಟಿ-1: ಇದು ನಡುವಿನದ್ದು, ಬಲ್ಕ್ ಮಾಡ್ಯುಲಸ್ 30 ಗಿಗಾಪಾಸ್ಕಲ್ ಹತ್ತಿರ ಇದೆ, ಆದ್ರೂ ಪೌಡರ್ ಒತ್ತಿದಾಗ ಏರಿಯಾ ಇಳಿಯುತ್ತೆ. ಇಲ್ಲಿ ಡಿಫೆಕ್ಟ್ ಬರೋ ರೀತಿ ಬೇರೆ, ಮೂರು ಕೈ ಇರೋ ಲಿಂಕರ್ ಬದಲು ಎರಡೇ ಕೈ ಇರೋದನ್ನ ಬೆರೆಸಿದಾಗ ತಾಮ್ರದ ಒಂದು ಮೂಲೆ ಹಿಡಿತ ತಪ್ಪುತ್ತೆ, ಕೆಲವು ತಾಮ್ರದ ಚಾರ್ಜ್ +2ರಿಂದ +1ಕ್ಕೆ ಇಳಿಯುತ್ತೆ. ನಿಮಗೆ ಒತ್ತಿದ ಪೆಲೆಟ್ಟೇ ಆಗ್ಬೇಕು ಅಂತ ಇಲ್ಲದಿದ್ರೆ ಮೊನೊಲಿತ್ (ಒತ್ತದೇ ಒಂದೇ ಗಟ್ಟಿ ತುಂಡಾಗಿ ಮಾಡಿದ್ದು) ನೋಡಿ. ಕೇಂಬ್ರಿಡ್ಜ್ ಕಡೆಯಿಂದ 2018ರಲ್ಲಿ ಬಂದ ಸೋಲ್–ಜೆಲ್ ಮೊನೊಲಿತ್, ಪ್ರೆಸ್ಸೂ ಇಲ್ಲ ಬೈಂಡರೂ (ಪುಡಿ ಹಿಡಿದಿಡೋ ಅಂಟು) ಇಲ್ಲ, ಜೆಲ್ಲನ್ನ ನಿಧಾನಕ್ಕೆ ಒಣಗಿಸಿದ್ದು ಅಷ್ಟೇ. 65 ಬಾರ್‌ನಲ್ಲಿ ಒಂದು ಘನ ಸೆಂಟಿಮೀಟರಿಗೆ 259 ಘನ ಸೆಂಟಿಮೀಟರ್ ಮೀಥೇನ್ ಹಿಡೀತು, ಹಾರ್ಡ್‌ನೆಸ್ಸೂ ಮಾಮೂಲಿ ಹರಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಂತು. ಹರಳಿನ ಒಳಗಿನ ಡಿಫೆಕ್ಟಿಗಿಂತ ಹರಳು–ಹರಳಿನ ನಡುವಿನ ಸಂದಿ ಜಾಸ್ತಿ ತೊಂದರೆ ಕೊಡುತ್ತೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ.

ಜಿಯೋಲೈಟ್ (ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ನಿನ ರಂಧ್ರದ ಹರಳು, ಮಾಫ್ ಅಲ್ಲ): ಬರೀ ಗಟ್ಟಿತನಾನೇ ಬೇಕು ಅಂದ್ರೆ ಸುಮ್ನೆ ಇದನ್ನ ತಗೊಳ್ಳಿ, ನಾಚಿಕೆ ಏನಿಲ್ಲ. ಮಾಡ್ಯುಲಸ್ ಹತ್ತಾರು ಗಿಗಾಪಾಸ್ಕಲ್, ಸಿಲಿಕಾನ್ ಆಕ್ಸಿಜನ್ ಬಾಂಡು ಮೂರೂ ದಿಕ್ಕಿಗೆ ಹೆಣೆದಿರುತ್ತೆ. ಕ್ಷಾರದಲ್ಲಿ ಸಿಲಿಕಾ ಕರಗಿಸಿ ದೊಡ್ಡ ರಂಧ್ರ ಕೊರೆದ್ರೆ ಇದೂ ದುರ್ಬಲ ಆಗುತ್ತೆ, ಆದ್ರೆ ಕಾರ್ಖಾನೆಯಲ್ಲಿ ಜಿಯೋಲೈಟ್ ಉಂಡೆಯ ಬಲ ನಿಂತಿರೋದು ಜೇಡಿಮಣ್ಣು, ಅಲ್ಯೂಮಿನಾ ಥರದ ಬೈಂಡರ್ ಮೇಲೆ, ಹರಳಿನ ಮಾಡ್ಯುಲಸ್ ಮೇಲಲ್ಲ. ಮಾಫ್ ಉಂಡೆಗೂ ಇದೇ ಮಾತು, ಕ್ರಶ್ ಸ್ಟ್ರೆಂತ್ (ಉಂಡೆ ಒಡೆಯೋಕೆ ಬೇಕಾದ ಬಲ) ಬೇರೆ ಹರಳಿನ ಗಟ್ಟಿತನ ಬೇರೆ, ಯಾರೋ ಒಂದನ್ನ ತೋರಿಸಿ ಇನ್ನೊಂದು ಸಾಬೀತಾಯ್ತು ಅಂದ್ರೆ ಒಪ್ಕೋಬೇಡಿ.

ಎರಡು ಆಯಾಮದ ಕಾಫ್‌ಗಳು: ಇವು ಲೋಹ ಇಲ್ಲದ, ಬರೀ ಸಾವಯವ ಅಣುಗಳಿಂದ ಕಟ್ಟಿದ ರಂಧ್ರದ ಪದರಗಳು. ಪದರದ ಒಳಗೆ ಗಟ್ಟಿ, ಪದರ–ಪದರದ ನಡುವೆ ಬರೀ ವಾನ್ ಡರ್ ವಾಲ್ಸ್ ಹಿಡಿತ. ಪದರ ಜಾರಿ ಜೋಡಣೆ ತಪ್ಪೋದೇ ಇಲ್ಲಿ ಮುಖ್ಯ ಡಿಫೆಕ್ಟ್, ಒತ್ತಿದಾಗ ಅದೇ ಇನ್ನೂ ಜಾಸ್ತಿ ಆಗುತ್ತೆ.

ಕೆಲಸ ನೋಡಿ ಆರಿಸೋದು

ದ್ರವದಲ್ಲಿ ಕಲಕೋ ಕ್ಯಾಟಲಿಸ್ಟ್ ಆದ್ರೆ ಲಿಂಕರ್ ಕಾಣೆಯಾದ ಯುಐಒ-66 ತಗೊಳ್ಳಿ, 12ರಿಂದ 10ಕ್ಕೆ ಇಳಿದ್ರೂ ಭಯ ಇಲ್ಲ, ಯಾಕಂದ್ರೆ ಇಲ್ಲಿ ಬೀಳೋ ಭಾರ ಕಮ್ಮಿ. ಒಂದೇ ಎಚ್ಚರ, ಮ್ಯಾಗ್ನೆಟಿಕ್ ಬಾರ್ ಫ್ಲಾಸ್ಕಿನ ತಳದಲ್ಲಿ ಹರಳನ್ನ ಅರೆಯುತ್ತೆ, ದಿನಗಟ್ಟಲೆ ಓಡಿಸೋದಿದ್ರೆ ಮೇಲಿಂದ ಕಲಕೋ ಸ್ಟಿರರ್ ಬಳಸಿ.

ಕಾಲಮ್ಮಲ್ಲಿ ತುಂಬಿ ಗ್ಯಾಸ್ ಹರಿಸೋದಾದ್ರೆ ನಾನು ಡಿಫೆಕ್ಟ್ ಕಮ್ಮಿ ಇರೋದಕ್ಕೇ ಹೋಗ್ತೀನಿ, ಇಲ್ಲಾಂದ್ರೆ ಟ್ರೈಫ್ಲೋರೋಅಸಿಟೇಟ್ ಕೂತಿರೋದು, ಜೊತೆಗೆ ಸ್ವಲ್ಪ ಬೈಂಡರ್. ಬಿಇಟಿ ಗ್ರಾಮಿಗೆ ಎಷ್ಟು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಒತ್ತಿದ ಮೇಲೆ ಒಂದು ಘನ ಸೆಂಟಿಮೀಟರಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು ಲೆಕ್ಕ. 1,600ರ ಸ್ಯಾಂಪಲ್ ಒತ್ತಿದ ಮೇಲೆ 1,100ರ ಸ್ಯಾಂಪಲ್ಲಿಗಿಂತ ಕೆಳಗೆ ಬಿದ್ರೆ ಆಶ್ಚರ್ಯ ಪಡೋ ಅಗತ್ಯ ಇಲ್ಲ.

ಬಿಸಿ–ತಂಪು ಮೇಲಿಂದ ಮೇಲೆ ಆಗೋ ಕಡೆ ಇನ್ನೊಂದು ಸಂಗತಿ ಇದೆ, ಯುಐಒ-66ರ ಹಾಫ್ನಿಯಂ ಆವೃತ್ತಿ ಬಿಸಿ ಮಾಡಿದ್ರೆ ಕುಗ್ಗುತ್ತೆ, ಡಿಫೆಕ್ಟ್ ಜಾಸ್ತಿ ಆದಷ್ಟೂ ಕುಗ್ಗೋದೂ ಜಾಸ್ತಿ. ಫಿಲ್ಮ್ ಮಾಡಿ ಗಾಜಿನ ಮೇಲೋ ಲೋಹದ ಮೇಲೋ ಅಂಟಿಸಿದ್ರೆ ಕೆಳಗಿನದ್ದು ಹಿಗ್ಗುತ್ತೆ, ಮೇಲಿನದ್ದು ಕುಗ್ಗುತ್ತೆ, ಬಿರುಕು ಬರೋಕೆ ಇನ್ನೇನು ಬೇಕು.

ಹೊಡೆತ ಹೀರಿಕೊಳ್ಳೋ ಕೆಲಸಕ್ಕೆ ಮಾತ್ರ ಡಿಫೆಕ್ಟ್ ಬೇಕು ಅಂತಲೇ ಹಾಕಬಹುದು, ಕುಸಿಯುವಾಗಲೇ ಶಕ್ತಿ ನುಂಗೋದು ಅಲ್ಲಿ, ಯಾವ ಒತ್ತಡಕ್ಕೆ ಕುಸೀಬೇಕು ಅಂತ ಡಿಫೆಕ್ಟ್ ಮೂಲಕ ಟ್ಯೂನ್ ಮಾಡಬಹುದು.

ಇನ್ನು ನೀರಲ್ಲಿ ನೆನೆದು ಒಣಗೋ ಕೆಲಸ, ತೇವ ಹೀರಿ ಬಿಡೋದು, ಇಲ್ಲಾ ಬರೀ ತೊಳೆದು ಒಣಗಿಸೋದು. ಪ್ರೆಸ್ ಹತ್ತಿರಕ್ಕೇ ಹೋಗದೆ ಮೆಟೀರಿಯಲ್ ಸಾಯೋದು ಇಲ್ಲೇ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, 1 ನ್ಯಾನೋಮೀಟರ್ ತ್ರಿಜ್ಯದ ರಂಧ್ರಕ್ಕೆ ಯಂಗ್–ಲಾಪ್ಲಾಸ್ ಸೂತ್ರ ಹಾಕಿದ್ರೆ ಗೋಡೆ ಮೇಲೆ ಬೀಳೋ ಎಳೆತ 140 ಮೆಗಾಪಾಸ್ಕಲ್ ಆಸುಪಾಸು (ಇಷ್ಟು ಚಿಕ್ಕದಕ್ಕೆ ಆ ಸೂತ್ರ ಅಂದಾಜಿಗೆ ಮಾತ್ರ). ಮೇಲೆ ಹೇಳಿದ ಡೈನಲ್ಲಿ 2 ಟನ್ ಹಾಕಿದಷ್ಟು, ಬರೀ ಒಣಗೋದ್ರಿಂದ. ಅಸಿಟೋನ್ 23, ಹೆಕ್ಸೇನ್ 18 ಮಿಲಿನ್ಯೂಟನ್, ಅಂದ್ರೆ ಹೆಕ್ಸೇನಿಗೆ ಬದಲಾಯಿಸಿ ಒಣಗಿಸಿದ್ರೆ ಎಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತೆ. ಡಿಫೆಕ್ಟ್ ಕಮ್ಮಿ ಇರೋ ಯುಐಒ-66ಗೆ ಇಷ್ಟೆಲ್ಲ ಬೇಕಿಲ್ಲ, ನೀರಿಂದಲೇ ಒಣಗಿಸಿದ್ರೂ ನಿಲ್ಲುತ್ತೆ. ಎನ್‌ಯು-1000 ಥರದ ದೊಡ್ಡ ರಂಧ್ರದ್ದು, ಕ್ಲಸ್ಟರ್ ಕಾಣೆಯಾದ ಯುಐಒ-66, ಇವನ್ನ ನೀರಿಂದ ನೇರ ವ್ಯಾಕ್ಯೂಮ್ ಓವನ್ನಿಗೆ ಹಾಕ್ಬೇಡಿ, ಮೊದಲು ನೀರು ಬಿಡಿಸಿ ಅಸಿಟೋನ್ ತುಂಬಿಸಿ, ಎರಡು ಮೂರು ಸಲ ಬದಲಾಯಿಸಿ, ಪ್ರತಿ ಸಲ ರಾತ್ರಿ ಇಡೀ ನೆನೆಯೋಕೆ ಬಿಡಿ, ಸಿಕ್ಕಿದ್ರೆ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡಲ್ಲಿ ಒಣಗಿಸಿ, ಅಲ್ಲಿ ದ್ರವ–ಅನಿಲದ ಗಡಿಯೇ ಇಲ್ಲ, ಹಾಗಾಗಿ ಎಳೆತವೂ ಇಲ್ಲ. ಒಣಗಿದ ಮೇಲೆ ಬಿಇಟಿ ಕಮ್ಮಿ ಬಂದ್ರೆ ತಕ್ಷಣ ಸಿಂಥೆಸಿಸ್ ಕೆಟ್ಟಿದೆ ಅನ್ಕೋಬೇಡಿ, ಅದೇ ಬ್ಯಾಚಿನ ಒದ್ದೆ ಸ್ಯಾಂಪಲ್ ಉಳಿದಿದ್ರೆ ಅಸಿಟೋನ್ ದಾರೀಲಿ ಒಂದು ಸಲ ಒಣಗಿಸಿ ಹೋಲಿಸಿ ನೋಡಿ. ಅದಕ್ಕೇ ಪ್ರತಿ ಬ್ಯಾಚಲ್ಲೂ ಒಂದಿಷ್ಟು ಒದ್ದೆಯಾಗೇ ಎತ್ತಿಡಿ.